ಎರಡು ಕೀಲಿಕೈ, ಒಂದು ಲಾಕರ್: ಐದಕ್ಕೆ ಮೂರು ಸ್ಟಾರ್

ದಾವಣಗೆರೆಯ ಒಂದು ಬ್ಯಾಂಕಿನ ಲಾಕರ್ ಬಗ್ಗೆ ಬರೆಯುತ್ತಿದ್ದೇನೆ. ಬ್ಯಾಂಕಿನ ಹೆಸರು ಹಾಕುವುದಿಲ್ಲ. 1998ರಿಂದ ನಮ್ಮ ಮನೆಯ ಬಂಗಾರ ಅಲ್ಲೇ ಇದೆ. ನಾಳೆ ಮತ್ತೆ ಅದೇ ಕೌಂಟರಿನ ಮುಂದೆ ನಿಲ್ಲುವವಳು ನಾನೇ ಅಲ್ವಾ.

ನಿಟುವಳ್ಳಿಯಲ್ಲಿ ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತೇನೆ. ಕಾನೂನು ಓದಿದವಳಲ್ಲ. ಮಗಳು ಓದುತ್ತಿದ್ದಾಳೆ, ಲಾ ಕೊನೇ ವರ್ಷ. ಪರೀಕ್ಷೆಗೆ ಅಂತ ತೀರ್ಪುಗಳನ್ನು ಜೋರಾಗಿ ಓದಿಕೊಳ್ಳುತ್ತಾಳೆ. ನಾನು ರೊಟ್ಟಿ ಬಡಿಯುತ್ತಾ ಕೇಳಿಸಿಕೊಳ್ಳುತ್ತೇನೆ. ಅರ್ಧ ತಲೆಗೆ ಹೋಗುತ್ತದೆ, ಅರ್ಧ ಹಂಚಿನ ಮೇಲೆ ಸುಟ್ಟು ಹೋಗುತ್ತದೆ. ಹಾಗೆ ಕಿವಿಗೆ ಬಿದ್ದ ಮೂರು ತೀರ್ಪುಗಳು ಸೀದಾ ನಮ್ಮ ಲಾಕರಿನ ಬಾಗಿಲಿಗೇ ಬಂದು ನಿಂತವು.

ಮೊದಲು ಜಾಗದ ಮಾತು. ಲಾಕರ್ ರೂಮು ನೆಲಮಾಳಿಗೆಯಲ್ಲಿದೆ. ಹನ್ನೊಂದು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಒಂದೇ ಕಡೆ. ಮಂಡಿನೋವಿನ ಅತ್ತೆಯನ್ನು ಇಳಿಸಲು ಪ್ರತಿ ಸಲ ಸೆಕ್ಯುರಿಟಿಯವರ ಕೈ ಬೇಕಾಗುತ್ತಿತ್ತು. ಪುಣ್ಯಾತ್ಮ, ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ. ನಮ್ಮದು ಮೇಲಿನಿಂದ ಎರಡನೇ ಸಾಲು, ಸ್ಟೂಲ್ ಹತ್ತಬೇಕು. ಆ ಸ್ಟೂಲಿನ ಒಂದು ಕಾಲು ಗಿಡ್ಡ. ಫ್ಯಾನ್ ತಿರುಗುತ್ತದೆ, ಗಾಳಿ ಬರುವುದಿಲ್ಲ. ಬಲ್ಬು ಮಂಕು. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದಲ್ಲ, ಅದರ ಹಿಂದಿನ ವಾರ ಅಲ್ಲಿ ಹೋದರೆ ಅರ್ಧ ಊರಿನ ಹೆಂಗಸರು ಮೆಟ್ಟಿಲ ಮೇಲೆ ಸಾಲಾಗಿ ಕೂತಿರುತ್ತಾರೆ. ಸಾಲ ಕೊಡುವುದು, ಬಂಗಾರ ತೂಗುವುದು, ಲಾಕರ್ ತೆಗೆಯುವುದು, ಎಲ್ಲಕ್ಕೂ ಒಬ್ಬಳೇ ಆಫೀಸರ್ ಹುಡುಗಿ. ಒಳ್ಳೆಯವಳೇ. ಆದರೆ ಅವಳಿಗೂ ಎರಡೇ ಕೈ.

ಲಾಕರಿಗೆ ಎರಡು ಕೀಲಿಕೈ. ಮೊದಲು ಬ್ಯಾಂಕಿನದು ತಿರುಗಬೇಕು, ಆಮೇಲೆ ನನ್ನದು. ಇಪ್ಪತ್ತೈದು ವರ್ಷ ನಾನು ಇದನ್ನು ನನ್ನ ಧೈರ್ಯಕ್ಕೆ ಇರುವ ಏರ್ಪಾಡು ಅಂತಲೇ ತಿಳಿದಿದ್ದೆ. ಮಗಳು ಕೊಲ್ಕತ್ತಾದ ಕೇಸು ಓದಿದ ದಿನ ಅದು ತಿರುಗಾಮುರುಗಾ ಆಯಿತು. ಅವರ ಕೀಲಿಕೈ ಇಲ್ಲದೆ ನನ್ನ ಒಡವೆ ನನಗೇ ಸಿಗುವುದಿಲ್ಲ. ಒಳಗೆ ಏನಾಗುತ್ತಿದೆ ಅಂತ ನೋಡಲು ನಾನು ಅಲ್ಲಿರುವುದಿಲ್ಲ. ಅಂದರೆ ನಾನು ಪೂರ್ತಿ ಅವರ ಕೈಯಲ್ಲಿದ್ದೇನೆ. ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ಗಿರಾಕಿ ಹೀಗೆ ಪೂರ್ತಿ ಬ್ಯಾಂಕನ್ನೇ ನಂಬಿಕೊಂಡಿರುವಾಗ ಬ್ಯಾಂಕು ಕೈ ತೊಳೆದುಕೊಳ್ಳುವ ಹಾಗಿಲ್ಲ ಅಂತ.

ಅದು ಅಮಿತಾಭ ದಾಸ್‌ಗುಪ್ತ ಎನ್ನುವವರ ಕೇಸು. ಅವರ ತಾಯಿ 1950ರ ದಶಕದಲ್ಲಿ ತೆಗೆದುಕೊಂಡಿದ್ದ ಲಾಕರ್. 1994ರಲ್ಲಿ ಬಾಡಿಗೆ ಕಟ್ಟಿಲ್ಲ ಅಂತ ಬ್ಯಾಂಕಿನವರು ಒಡೆದರು. ಬಾಡಿಗೆ ಕಟ್ಟಿತ್ತು. ಒಡೆಯುವ ಮುಂಚೆ ಒಂದು ನೋಟಿಸೂ ಇಲ್ಲ. ಮುಂದಿನ ವರ್ಷ ಆ ತಾಯಿ ಬಾಡಿಗೆ ಕಟ್ಟಲು ಹೋದಾಗಲೇ ವಿಷಯ ಗೊತ್ತಾಗಿದ್ದು. ಅಷ್ಟರಲ್ಲಿ ಆ ಲಾಕರನ್ನು ಬೇರೆಯವರಿಗೆ ಕೊಟ್ಟೂ ಆಗಿತ್ತು. ಏಳು ಒಡವೆ ಇದ್ದವು ಅನ್ನುವುದು ಅವರ ಮಾತು, ಕೈಗೆ ಬಂದಿದ್ದು ಎರಡು. ಆಮೇಲೆ ಜಿಲ್ಲಾ ವೇದಿಕೆ, ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ ಅಂತ ಅಲೆದಾಟ. ಕೊನೆಗೆ 2021ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟ್ ತೀರ್ಪು. 5 ಲಕ್ಷ ಪರಿಹಾರ, ಕೋರ್ಟ್ ಖರ್ಚಿಗೆ 1 ಲಕ್ಷ. ತಪ್ಪು ಮಾಡಿದ ಅಧಿಕಾರಿಗಳು ಇನ್ನೂ ಕೆಲಸದಲ್ಲಿದ್ದರೆ ಅವರ ಸಂಬಳದಿಂದಲೇ ಆ 5 ಲಕ್ಷ ಮುರಿದುಕೊಳ್ಳಿ ಅಂತಲೂ ಇತ್ತು. ಇದನ್ನು ಕೇಳಿ ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಸಂಬಳದಿಂದ!

ಈ ತೀರ್ಪು ಬರೆದವರು ಪಕ್ಕದ ಹಾವೇರಿ ಜಿಲ್ಲೆಯವರು, ನ್ಯಾಯಮೂರ್ತಿ ಮೋಹನ ಶಾಂತನಗೌಡರ್. ಇದಾದ ಎರಡು ತಿಂಗಳಿಗೆ ತೀರಿಕೊಂಡರು. ನಮ್ಮ ಕಡೆಯ ಮನುಷ್ಯ ಅಂತ ನನಗೆ ಸುಮ್ನೆ ಒಂದು ಅಭಿಮಾನ.

ಮಗಳು ಒಂದು ವಿಷಯ ಒತ್ತಿ ಹೇಳಿದಳು. ಪೆಟ್ಟಿಗೆಯೊಳಗೆ ಏನಿತ್ತು ಅನ್ನುವುದು ಒಂದು ಪ್ರಶ್ನೆ. ಪೆಟ್ಟಿಗೆಯನ್ನು ಸರಿಯಾಗಿ ಕಾದಿರಾ ಅನ್ನುವುದು ಇನ್ನೊಂದು. ಕೋರ್ಟು ಎರಡನ್ನೂ ಬಿಡಿಸಿ ಇಟ್ಟಿತು. ಒಳಗೆ ಏನಿತ್ತು ಅಂತ ಗೊತ್ತಿಲ್ಲದಿದ್ದರೂ ಕಾಯುವ ಜವಾಬ್ದಾರಿ ಬ್ಯಾಂಕಿನದೇ. ಆದರೆ ಏನಿತ್ತು ಅನ್ನುವುದನ್ನು ಸಾಬೀತು ಮಾಡಬೇಕಾದರೆ ಸಿವಿಲ್ ಕೋರ್ಟಿಗೆ ಹೋಗಿ ಅಂದಿತು. ಈ ಎರಡನೇ ಮಾತು ನನ್ನ ತಲೆಯಲ್ಲಿ ಅಂಟಿಕೊಂಡು ಕೂತಿದೆ.

ಆರು ತಿಂಗಳಲ್ಲಿ ನಿಯಮ ಮಾಡಿ ಅಂತ ಕೋರ್ಟು ರಿಸರ್ವ್ ಬ್ಯಾಂಕಿಗೆ ಹೇಳಿತ್ತು. 2021ರ ಆಗಸ್ಟಿನಲ್ಲಿ ನಿಯಮ ಬಂತು, 2022ರ ಜನವರಿ 1ರಿಂದ ಜಾರಿ. ಹಳೇ ಗಿರಾಕಿಗಳೆಲ್ಲ ಹೊಸ ಕರಾರಿಗೆ ಸಹಿ ಹಾಕಬೇಕಿತ್ತು. ಗಡುವು ಮುಂದೆ ಹೋಗಿ 2023ರ ಡಿಸೆಂಬರ್ 31ಕ್ಕೆ ನಿಂತಿತು. ನಮಗೆ ಬ್ಯಾಂಕಿನಿಂದ ಫೋನ್ ಬಂದಿದ್ದು ಆ ವರ್ಷದ ನವೆಂಬರಿನಲ್ಲಿ. "ಅಮ್ಮಾ, ಸಹಿ ಹಾಕದಿದ್ದರೆ ಲಾಕರ್ ಬಂದ್ ಆಗುತ್ತೆ. ಛಾಪಾ ಕಾಗದ ನೀವೇ ತಗೊಂಡು ಬನ್ನಿ."

ಇಲ್ಲಿಂದ ನನ್ನ ತಕರಾರು ಶುರು. ಛಾಪಾ ಕಾಗದದ ವ್ಯವಸ್ಥೆ ಬ್ಯಾಂಕೇ ಮಾಡಿಕೊಡಲಿ, ಸಹಿಯಾದ ಕರಾರಿನ ಒಂದು ಪ್ರತಿ ಗಿರಾಕಿಗೆ ಕೊಡಲಿ ಅಂತ ಅದೇ ವರ್ಷದ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಕಳಿಸಿತ್ತು. ಸಹಿ ಆಗಿಲ್ಲ ಅಂತ ಬಂದ್ ಮಾಡಿದ್ದ ಲಾಕರುಗಳನ್ನು ತಕ್ಷಣ ಬಿಡಿ ಅಂತಲೂ ಅದರಲ್ಲೇ ಇತ್ತು. ನಮ್ಮ ಶಾಖೆಗೆ ಅದು ಬಂದಿರಲಿಲ್ಲವೋ, ಬಂದು ಯಾವ ಡ್ರಾಯರಿನಲ್ಲಿ ಮಲಗಿತ್ತೋ. ಕಾಗದ ನಾನೇ ತಂದೆ. ಅತ್ತೆಯನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಹನ್ನೊಂದು ಪುಟ, ಎಲ್ಲ ಇಂಗ್ಲಿಷು. "ಇಲ್ಲಿ, ಇಲ್ಲಿ, ಇಲ್ಲಿ" ಅಂತ ಪೆನ್ಸಿಲ್ ಗುರುತು. ಅತ್ತೆ ಕೇಳಿದರು, "ಏನಂತ ಬರೆದೈತವ್ವಾ ಇದ್ರಾಗ?" ಆ ಹುಡುಗಿ ನಕ್ಕಳು. "ಎಲ್ಲರೂ ಹಾಕ್ತಾರೆ ಅಜ್ಜಿ."

ಪ್ರತಿ ಕೇಳಿದೆ. ಮುಂದಿನ ವಾರ ಅಂದರು. ಮುಂದಿನ ವಾರ ಹೋದರೆ ಮ್ಯಾನೇಜರ್ ರಜೆ. ಮೂರನೇ ಸಲ ದೂರು ಪುಸ್ತಕ ಕೊಡಿ ಅಂದೆ. ಪುಸ್ತಕ ಬರಲಿಲ್ಲ, ಹತ್ತು ನಿಮಿಷದಲ್ಲಿ ಕರಾರಿನ ಪ್ರತಿ ಬಂತು. ಇದಕ್ಕೇ ಅರ್ಧ ಸ್ಟಾರ್ ಕಡಿತ.

ತೀರ್ಪಿನಿಂದ ಏನೂ ಆಗಿಲ್ಲ ಅಂತ ಹೇಳಲಾರೆ. ಮೊದಲು ಲಾಕರ್ ತೆಗೆದು ಬಂದರೆ ರಿಜಿಸ್ಟರಿನಲ್ಲಿ ಒಂದು ಸಹಿ, ಅಷ್ಟೇ. ಈಗ ಅದೇ ದಿನ ಸಂಜೆಯೊಳಗೆ ಮೊಬೈಲಿಗೆ ಮೆಸೇಜ್ ಬರುತ್ತದೆ, ಇಂಥ ಹೊತ್ತಿಗೆ ಲಾಕರ್ ತೆರೆದಿರಿ ಅಂತ. ಸ್ಟ್ರಾಂಗ್ ರೂಮಿಗೆ ಹೋಗಿ ಬರುವವರ ಕ್ಯಾಮೆರಾ ರೆಕಾರ್ಡಿಂಗ್ 180 ದಿನ ಇಡಬೇಕು. ನಮ್ಮ ಖಾತೆಗೆ ಯಜಮಾನರ ನಂಬರ್ ಕೊಟ್ಟಿದ್ದರಿಂದ ಮೊದಮೊದಲು ಮೆಸೇಜು ಅವರಿಗೆ ಹೋಗುತ್ತಿತ್ತು. "ಏನ್ ತಗೊಂಡ್ ಬಂದೆ?" ಅಂತ ಅಂಗಡಿಯಿಂದಲೇ ಫೋನು. ನಂಬರ್ ಬದಲಾಯಿಸಿಕೊಂಡೆ. ಅದೊಂದು ಕೆಲಸ ಮಾತ್ರ ಐದೇ ನಿಮಿಷಕ್ಕೆ ಆಯಿತು, ಮೆಚ್ಚಬೇಕು.

ಕರಾರನ್ನು ಮಗಳು ಅಡುಗೆಮನೆಯಲ್ಲಿ ಕೂತು ಕನ್ನಡದಲ್ಲಿ ಹೇಳಿದಳು. ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ, ಬ್ಯಾಂಕಿನ ನೌಕರರ ಮೋಸ, ಇಷ್ಟರಿಂದ ಲಾಕರಿನಲ್ಲಿದ್ದದ್ದು ಹೋದರೆ ಬ್ಯಾಂಕು ಕೊಡಬೇಕು. ಎಷ್ಟು? ವರ್ಷದ ಬಾಡಿಗೆಯ ನೂರು ಪಟ್ಟು. ಭೂಕಂಪ, ನೆರೆಯಂಥದ್ದಕ್ಕೆ ಇಲ್ಲ, ನನ್ನದೇ ತಪ್ಪಿಗೂ ಇಲ್ಲ. ನೋಟು ಇಡುವ ಹಾಗಿಲ್ಲ. ಇದು ಒಳ್ಳೆಯದೇ. 2023ರಲ್ಲಿ ಮೊರಾದಾಬಾದಿನಲ್ಲಿ ಒಬ್ಬ ಹೆಂಗಸು ಮಗಳ ಮದುವೆಗೆ ಅಂತ ಲಾಕರಿನಲ್ಲಿಟ್ಟ 18 ಲಕ್ಷ ರೂಪಾಯಿಗೆ ಗೆದ್ದಲು ಹಿಡಿದಿತ್ತು.

ನೂರು ಪಟ್ಟು ಅಂದ ತಕ್ಷಣ ಖುಷಿಯಾಯಿತು. ಆಮೇಲೆ ಲೆಕ್ಕ ಹಾಕಿದೆ. ನಮ್ಮ ಲಾಕರ್ ಬಾಡಿಗೆ ವರ್ಷಕ್ಕೆ 2,000 ರೂಪಾಯಿ, ಜಿಎಸ್‌ಟಿ ಬೇರೆ. ನೂರು ಪಟ್ಟು ಅಂದರೆ 2 ಲಕ್ಷ. ಬಂಗಾರ 10 ಗ್ರಾಂಗೆ ಲಕ್ಷ ದಾಟಿ ಎಷ್ಟೋ ದಿನವಾಯಿತು. ಎರಡು ತೊಲವೂ ಬರುವುದಿಲ್ಲ. ನಮ್ಮವ್ವ ಕೊಟ್ಟ ಪಾಟ್ಲಿ ಬಳೆಗಳೇ ನಾಲ್ಕು ತೊಲ. ಕಾಯುವ ಕೂಲಿಯ ಮೇಲೆ ಪರಿಹಾರ ನಿಂತಿದೆ, ಕಾಯುವ ವಸ್ತುವಿನ ಮೇಲೆ ಅಲ್ಲ.

ಇದು ನನಗೆ ಹೊಟ್ಟೆಯೊಳಗೆ ಇಳಿದಿದ್ದು ನ್ಯಾಮತಿ ಸುದ್ದಿ ಬಂದಾಗ. 2024ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ನ್ಯಾಮತಿಯಲ್ಲಿ ಬ್ಯಾಂಕಿಗೆ ಕನ್ನ ಹಾಕಿ 17 ಕೆಜಿಗೂ ಜಾಸ್ತಿ ಬಂಗಾರ ಹೊತ್ತುಕೊಂಡು ಹೋದರಲ್ಲ. ಖಾರದಪುಡಿ ಎರಚಿ, ಕ್ಯಾಮೆರಾದ ಡಿವಿಆರ್ ಡಬ್ಬಿಯನ್ನೂ ಕಿತ್ತುಕೊಂಡು ಹೋಗಿದ್ದರು. ಮಾರನೇ ದಿನ ನಮ್ಮ ಶಾಖೆಯಲ್ಲಿ ಜಾತ್ರೆಗಿಂತ ಜಾಸ್ತಿ ಜನ. ನಾನೂ ಹೋಗಿದ್ದೆ, ಸುಳ್ಳೇಕೆ. 180 ದಿನದ ರೆಕಾರ್ಡಿಂಗ್ ಇರುವ ಡಬ್ಬಿ ಎಲ್ಲಿಟ್ಟಿದ್ದೀರಿ, ಅದನ್ನೂ ಕದ್ದರೆ? ಅಂತ ಕೇಳಿದೆ. ಆಫೀಸರ್ ಹುಡುಗಿ ಮ್ಯಾನೇಜರ್ ಕಡೆ ನೋಡಿದಳು. ಮ್ಯಾನೇಜರ್ ಕಂಪ್ಯೂಟರ್ ಕಡೆ ನೋಡಿದರು.

ದಾವಣಗೆರೆ ಪೊಲೀಸರು ಐದು ತಿಂಗಳು ಬೆನ್ನು ಹತ್ತಿ, 2025ರ ಮಾರ್ಚ್ ಕೊನೆಗೆ ಆ ಬಂಗಾರದ ಹೆಚ್ಚಿನ ಪಾಲನ್ನು ತಮಿಳುನಾಡಿನ ಉಸಿಲಂಪಟ್ಟಿ ಕಡೆ ಬಾವಿಯೊಂದರಿಂದ ಎತ್ತಿ ತಂದರು. ಊರಿಗೆ ಊರೇ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ. ಆದರೆ ನ್ಯಾಮತಿಯಲ್ಲಿ ಹೋಗಿದ್ದು ಸಾಲಕ್ಕೆ ಅಡ ಇಟ್ಟ ಬಂಗಾರ. ಅಡ ಇಡುವಾಗ ಬ್ಯಾಂಕಿನವರೇ ತೂಗುತ್ತಾರೆ, ಬರೆದುಕೊಳ್ಳುತ್ತಾರೆ, ಚೀಟಿ ಕೊಡುತ್ತಾರೆ. ಯಾರದು ಎಷ್ಟು ಗ್ರಾಂ ಅಂತ ಪುಸ್ತಕ ಹೇಳುತ್ತದೆ. ಲಾಕರಿನ ಬಂಗಾರಕ್ಕೆ ಆ ಪುಸ್ತಕವೇ ಇಲ್ಲ. ಸಾಲ ಮಾಡಿದವಳ ಒಡವೆಗೆ ದಾಖಲೆ ಇದೆ, ಸಾಲ ಮಾಡದೆ ಬಾಡಿಗೆ ಕಟ್ಟಿ ಇಟ್ಟವಳ ಒಡವೆಗೆ ಇಲ್ಲ. ಇದೆಂಥ ವಿಚಿತ್ರ ಹೇಳಿ.

ಅವತ್ತೇ ಪಟ್ಟಿ ಮಾಡಲು ಕೂತೆ. ಹೊಸ ಒಡವೆಗಳ ಮೇಲೆ ಹಾಲ್‌ಮಾರ್ಕ್ ಜೊತೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ. ಮಗಳ ಜುಮುಕಿಯಲ್ಲಿತ್ತು, ಬಿಲ್ಲೂ ಇತ್ತು. ಬೋರಮಾಳ ಸರ, ಅವಲಕ್ಕಿ ಸರ, ಪಾಟ್ಲಿ, ಇವಕ್ಕೆಲ್ಲ ಬಿಲ್ಲು ಎಲ್ಲಿಂದ ತರುವುದು? ನಮ್ಮವ್ವನಿಗೆ ಅವರವ್ವ ಕೊಟ್ಟಿದ್ದು. ನಮ್ಮ ಅಕ್ಕಸಾಲಿಗರ ಹತ್ತಿರ ಒಂದೊಂದನ್ನೇ ತೂಗಿಸಿ, ಅವರ ಅಂಗಡಿಯ ಚೀಟಿಯಲ್ಲಿ ತೂಕ ಬರೆಸಿ ಸಹಿ ಹಾಕಿಸಿಕೊಂಡೆ. ಪ್ರತಿಯೊಂದನ್ನೂ ಅಂದಿನ ಪೇಪರಿನ ಮೇಲಿಟ್ಟು ಫೋಟೋ ತೆಗೆದೆ, ತಾರೀಖು ಕಾಣಲಿ ಅಂತ. ಮದುವೆ ಆಲ್ಬಮ್ ತೆಗೆದು, ಕೊರಳಲ್ಲಿ ಬೋರಮಾಳ ಕಾಣುವ ಫೋಟೋಕ್ಕೆ ಗುರುತು ಹಾಕಿದೆ. ಯಜಮಾನರು ನಕ್ಕರು. ನಗಲಿ.

ಮದುವೆ ಫೋಟೋ ಉಪಯೋಗಕ್ಕೆ ಬಂದೀತು ಅನ್ನುವ ಧೈರ್ಯ ಬಂದಿದ್ದು ಎರಡನೇ ತೀರ್ಪಿನಿಂದ. 2024ರ ಏಪ್ರಿಲ್ 24ರದು, ಕೇರಳದ ಮಾಯಾ ಗೋಪಿನಾಥನ್ ಅವರ ಕೇಸು. 2003ರಲ್ಲಿ ಮದುವೆ, ತವರಿನಿಂದ 89 ಸವರನ್ ಬಂಗಾರ. ಮೊದಲ ರಾತ್ರಿಯೇ ಗಂಡ ಒಡವೆಗಳನ್ನು ತೆಗೆದುಕೊಂಡು, ಜೋಪಾನವಾಗಿರಲಿ ಅಂತ ತನ್ನ ತಾಯಿಯ ಕೈಗೆ ಕೊಟ್ಟ ಅನ್ನುವುದು ಅವಳ ಮಾತು. ಆಮೇಲೆ ಅದು ಅವಳಿಗೆ ಸಿಗಲಿಲ್ಲ. ಕೌಟುಂಬಿಕ ನ್ಯಾಯಾಲಯ ಅವಳ ಪರ ಹೇಳಿತ್ತು. ಹೈಕೋರ್ಟ್ ಸಾಕ್ಷ್ಯ ಸಾಲದು ಅಂದಿತು. ಸುಪ್ರೀಂ ಕೋರ್ಟ್ 25 ಲಕ್ಷ ಕೊಡಿಸಿತು. ಸ್ತ್ರೀಧನ ಹೆಂಡತಿಯದೇ, ಗಂಡ ಹೆಂಡತಿ ಇಬ್ಬರದೂ ಅಲ್ಲ. ಕಷ್ಟದಲ್ಲಿ ಗಂಡ ಬಳಸಿಕೊಳ್ಳಬಹುದು, ತಿರುಗಿ ಕೊಡಬೇಕು. ಇನ್ನೂ ಒಂದು ಮಾತಿತ್ತು. ಇಂಥ ಸಿವಿಲ್ ವಿಷಯದಲ್ಲಿ ಕ್ರಿಮಿನಲ್ ಕೇಸಿನ ಹಾಗೆ ಸಂಶಯವೇ ಇಲ್ಲದಂತೆ ಸಾಬೀತು ಮಾಡಬೇಕಿಲ್ಲ. ಯಾರ ಮಾತು ಹೆಚ್ಚು ನಿಜ ಅನ್ನಿಸುತ್ತದೆ ಅಂತ ತೂಗಿ ನೋಡಿದರೆ ಸಾಕು.

ಇದನ್ನು ಮಗಳು ಓದುವಾಗ ಅತ್ತೆ ಪಡಸಾಲೆಯಲ್ಲಿ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದರು. ನನ್ನ ಮದುವೆಯಾದ ವಾರಕ್ಕೆ ನನ್ನ ಬಂಗಾರವೂ ಅವರ ಕೈಗೇ ಹೋಗಿತ್ತು. ಲಾಕರಿಗೆ ನಮ್ಮಿಬ್ಬರ ಹೆಸರು, ಕೀಲಿಕೈ ಮಾತ್ರ ಅವರ ಎಲೆಯಡಿಕೆ ಚೀಲದಲ್ಲಿ. ಹತ್ತು ವರ್ಷ ಹಾಗೇ ನಡೆಯಿತು. ಓದು ಮುಗಿದ ಮೇಲೆ ಅತ್ತೆ ಅಡುಗೆಮನೆ ಕಡೆ ಮುಖ ಮಾಡಿ, "ನಾನೇನು ನಿನ್ನ ಒಡವೆ ತಿಂದಿಲ್ಲವ್ವಾ" ಅಂದರು. ತಿಂದಿರಲಿಲ್ಲ. ಕೆಂಪು ಬಟ್ಟೆಯಲ್ಲಿ ನನ್ನದು, ಹಳದಿ ಬಟ್ಟೆಯಲ್ಲಿ ಅವರದು, ಎರಡು ಗಂಟು ಯಾವತ್ತೂ ಬೆರೆತಿರಲಿಲ್ಲ. ಯಾವ ಬ್ಯಾಂಕಿಗೂ ಗೊತ್ತಿಲ್ಲದ ಲೆಕ್ಕ ಅದು.

2025ರ ಫೆಬ್ರವರಿಯಲ್ಲಿ ಅತ್ತೆ ಹೋದರು. ಜಂಟಿ ಲಾಕರ್ ಆದ್ದರಿಂದ ಉಳಿದವಳಾದ ನನಗೆ ತೆರೆಯುವ ಹಕ್ಕಿತ್ತು. ಮರಣ ಪ್ರಮಾಣಪತ್ರ, ಆಧಾರ್, ಅರ್ಜಿ, ಎಲ್ಲ ಕೊಟ್ಟೆ. ಕಾಗದ ಸರಿಯಿದ್ದರೆ ಹದಿನೈದು ದಿನದೊಳಗೆ ಮುಗಿಸಬೇಕು ಅಂತ ನಿಯಮ. ನಮ್ಮ ಶಾಖೆ ತೆಗೆದುಕೊಂಡಿದ್ದು ನಲವತ್ತೊಂದು ದಿನ. ನಾಲ್ಕು ಸಲ ಹೋದೆ. ಒಂದು ಸಲ ಸರ್ವರ್ ಡೌನ್, ಒಂದು ಸಲ ಕಾಗದ ಹೆಡ್ಡಾಫೀಸಿಗೆ ಹೋಗಿದೆ, ಒಂದು ಸಲ ವಾಪಸ್ ಬಂದಿದೆ ಆದರೆ ಹುಡುಕಬೇಕು. ಸತ್ತವರ ಲಾಕರ್ ಬಿಡಿಸಲು ತಡಮಾಡಿದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2025ರ ಸೆಪ್ಟೆಂಬರಿನಲ್ಲಿ ಹೊಸ ನಿಯಮ ಮಾಡಿದೆ. ಜಾರಿಗೆ ತರಲು ಬ್ಯಾಂಕುಗಳಿಗೆ 2026ರ ಮಾರ್ಚ್ 31ರ ತನಕ ಸಮಯ ಕೊಟ್ಟಿತ್ತು. ನನ್ನ ಕೆಲಸ ಅದಕ್ಕೂ ಮೊದಲೇ ಮುಗಿದಿತ್ತು. ಇಪ್ಪತ್ತಾರು ದಿನದ ತಡಕ್ಕೆ 1,30,000 ಆಗುತ್ತಿತ್ತು ಅಂತ ಮಗಳು ಲೆಕ್ಕ ಹಾಕಿ ನನ್ನ ಹೊಟ್ಟೆ ಉರಿಸಿದಳು. ಇದಕ್ಕೆ ಒಂದು ಪೂರ್ತಿ ಸ್ಟಾರ್ ಕಡಿತ.

ಕೊನೆಗೆ ತೆರೆದ ದಿನ ಯಜಮಾನರು ಅಂದರು, "ಇನ್ನೇನು, ಎಲ್ಲಾ ನಿಂದೇ." ಬ್ಯಾಂಕಿನವರ ಮಾತೂ ಹಾಗೇ ಇತ್ತು. ಮಗಳು ಬಿಡಲಿಲ್ಲ. ಕಂಪನಿ ಷೇರುಗಳ ವಿಷಯದಲ್ಲಿ ಶಕ್ತಿ ಯೆಜ್ದಾನಿ ಅನ್ನುವ ಕೇಸಿನಲ್ಲಿ 2023ರ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟ್ ಹೇಳಿದೆ, ನಾಮಿನಿ ಅಂದರೆ ಮಾಲೀಕ ಅಲ್ಲ, ವಾರಸುದಾರರ ಹಕ್ಕು ಹೋಗುವುದಿಲ್ಲ ಅಂತ. ಬ್ಯಾಂಕ್ ಠೇವಣಿ ಬಗ್ಗೆ 2010ರಲ್ಲೇ ಇಂಥದ್ದೇ ತೀರ್ಪು ಇತ್ತಂತೆ. ಲಾಕರ್ ತೆರೆಯುವ ಹಕ್ಕು ಬೇರೆ, ಒಳಗಿರುವುದು ಯಾರದು ಅನ್ನುವುದು ಬೇರೆ. ಅತ್ತೆ ವಿಲ್ ಬರೆದಿರಲಿಲ್ಲ, ಮಾವ ಮೊದಲೇ ಹೋಗಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅತ್ತೆಯ ಒಡವೆಯಲ್ಲಿ ಮಗನಿಗೆಷ್ಟೋ ಹೆಣ್ಣುಮಕ್ಕಳಿಗೂ ಅಷ್ಟೇ.

ಹರಿಹರದಿಂದ ಒಬ್ಬಳು, ರಾಣೆಬೆನ್ನೂರಿನಿಂದ ಒಬ್ಬಳು, ಇಬ್ಬರೂ ನಾದಿನಿಯರು ಬಂದರು. ಹಳದಿ ಗಂಟನ್ನು ಅವರ ಮುಂದೆಯೇ ಬಿಚ್ಚಿದೆ. ಕಾಸಿನ ಸರ ಯಾರಿಗೆ ಅನ್ನುವುದರಲ್ಲಿ ಸ್ವಲ್ಪ ಮಾತು ಬಂತು. ತೂಕ ಹಾಕಿಸಿ ಮೂರು ಪಾಲು ಮಾಡಿದೆವು. ಸಣ್ಣ ನಾದಿನಿ ಇವತ್ತಿಗೂ ಕಾಸಿನ ಸರದ ಮಾತು ಎತ್ತುತ್ತಾಳೆ, ಅದು ಬೇರೆ ವಿಷಯ.

ಚಿತ್ರದುರ್ಗದಲ್ಲಿರುವ ನನ್ನ ತಂಗಿ ಹೊಸ ಲಾಕರಿಗೆ ಹೋದಾಗ ಅಲ್ಲಿಯ ಬ್ಯಾಂಕಿನವರು 2 ಲಕ್ಷದ ಠೇವಣಿ ಇಡಿ, ಜೊತೆಗೆ ಒಂದು ಇನ್ಶೂರೆನ್ಸ್ ಪಾಲಿಸಿ ಮಾಡಿಸಿ ಅಂದರಂತೆ. ಠೇವಣಿ ಕೇಳಬಹುದು, ಆದರೆ ಮೂರು ವರ್ಷದ ಬಾಡಿಗೆ ಮತ್ತು ಒಡೆಯುವ ಖರ್ಚಿನಷ್ಟು ಮಾತ್ರ. ಅವಳು ಬರವಣಿಗೆಯಲ್ಲಿ ಕೊಡಿ ಅಂದಳು. ಕೊಡಲಿಲ್ಲ. ಲಾಕರ್ ಖಾಲಿ ಇಲ್ಲ ಅಂದರು. ಹಾಗಾದರೆ ಕಾಯುವವರ ಪಟ್ಟಿಯ ನಂಬರ್ ಕೊಡಿ ಅಂದಳು, ಅದೂ ನಿಯಮದಲ್ಲಿದೆ. ಎರಡು ವಾರಕ್ಕೆ ಲಾಕರ್ ಖಾಲಿಯಾಯಿತು.

2025ರ ನವೆಂಬರ್ 1ರಿಂದ ನಾಲ್ಕು ಜನ ನಾಮಿನಿ ಹಾಕಬಹುದು. ಲಾಕರಿಗೆ ಮಾತ್ರ ಒಬ್ಬರ ನಂತರ ಒಬ್ಬರು ಅನ್ನುವ ಹಾಗೆ. ನಾನು ಮೊದಲು ಮಗಳ ಹೆಸರು, ಆಮೇಲೆ ಯಜಮಾನರದು ಹಾಕಿದೆ. ಫಾರ್ಮ್ ನೋಡಿ ಅವರ ಮುಖ ಸ್ವಲ್ಪ ಸಣ್ಣದಾಯಿತು. ಆಫೀಸರ್ ಹುಡುಗಿ ಅವತ್ತು ಮಾತ್ರ ತಾನಾಗಿಯೇ ರಸೀದಿ ಕೊಟ್ಟಳು. ಒಂದೂವರೆ ಕಳೆದು ಮೂರೂವರೆ ಆಗಬೇಕಿತ್ತು. ಕಾಲು ಗಿಡ್ಡ ಸ್ಟೂಲಿಗೆ ಇನ್ನೊಂದು ಅರ್ಧ ಕಳೆದು ಮೂರು ಕೊಟ್ಟಿದ್ದೇನೆ.

ಹೋಗುವುದಾದರೆ ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ, ಮಧ್ಯಾಹ್ನ ಬಂಗಾರದ ಸಾಲದವರ ಗದ್ದಲ. ಸೋಮವಾರ ಬೇಡ. ಏನೂ ಕೆಲಸವಿಲ್ಲದಿದ್ದರೂ ವರ್ಷಕ್ಕೊಮ್ಮೆ ತೆರೆದು ಬನ್ನಿ, ಏಳು ವರ್ಷ ಮುಟ್ಟದ ಲಾಕರನ್ನು, ಗಿರಾಕಿ ಪತ್ತೆಯಾಗದಿದ್ದರೆ, ಬಾಡಿಗೆ ಕಟ್ಟಿದ್ದರೂ ಒಡೆಯಲು ಅವಕಾಶವಿದೆ. ಕನ್ನಡಕ ಮರೆಯಬೇಡಿ. ಬಲ್ಬು ಇನ್ನೂ ಬದಲಾಯಿಸಿಲ್ಲ.